ವುಡ್‌ವಿಂಡ್ ಕ್ವಿಂಟೆಟ್: ಒಬ್ಬೊಬ್ಬರೇ ನುಡಿಸಿದರೆ ಸರಿ, ಐವರು ಸೇರಿದರೆ ಶ್ರುತಿ ಒಡೆಯುತ್ತದೆ

ಕರಿಮರ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದೇನೆ. ಆಡಿಷನ್ ಕೊಟ್ಟು ವುಡ್‌ವಿಂಡ್ ಕ್ವಿಂಟೆಟ್ ಸೇರಿದ್ದೇನೆ. ಫ್ಲೂಟ್, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್, ಒಂದೊಂದೇ. ನನ್ನದು ಬಿ-ಫ್ಲಾಟ್ ಕ್ಲಾರಿನೆಟ್. ಬೆಂಗಳೂರಿನಲ್ಲಿ ಟ್ರಿನಿಟಿ ಗ್ರೇಡ್ 6 ಮುಗಿಸಿದ್ದೇನೆ, ಅದಕ್ಕೂ ಮುಂಚೆ ಕರ್ನಾಟಕ ಸಂಗೀತದ ಕೊಳಲಿನಲ್ಲಿ ಜೂನಿಯರ್ ಪರೀಕ್ಷೆ ಆಗಿದೆ. ಕಂಡಕ್ಟರ್ ಇಲ್ಲದ ಗುಂಪಿನಲ್ಲಿ ನುಡಿಸುವುದು ಇದೇ ಮೊದಲು.

ಕೊಟ್ಟಿರುವ ಕೃತಿ ಫ್ರಾನ್ಸ್ ಡಾನ್ಸಿಯ ಜಿ ಮೈನರ್ ಕ್ವಿಂಟೆಟ್, ಓಪಸ್ 56 ಸಂಖ್ಯೆ 2. ಡಿಸೆಂಬರ್ ಮೊದಲ ವಾರ ಕಚೇರಿ. ವಾರಕ್ಕೆ ಒಂದು ಗಂಟೆ ಕೋಚ್ ಜೊತೆ, ಒಂದೂವರೆ ಗಂಟೆ ನಾವು ನಾವೇ. ತೊಂದರೆಗಳು ಇವು:

ಒಂದು, ಟ್ಯೂನರ್ (ಶ್ರುತಿ ಅಳೆಯುವ ಯಂತ್ರ) ಮುಂದಿಟ್ಟುಕೊಂಡು ಒಬ್ಬಳೇ ನುಡಿಸಿದರೆ ಪ್ರತಿ ಸ್ವರವೂ ನಡುಗೆರೆಯಲ್ಲೇ ನಿಲ್ಲುತ್ತದೆ. ಐವರೂ ಸೇರಿದ ಕೂಡಲೇ ಉದ್ದ ಸ್ವರಗಳಲ್ಲಿ ಗುಂಯ್‌ಗುಟ್ಟುವ ಅಲೆ ಏಳುತ್ತದೆ. ದನಿ ಇಳಿಸುತ್ತ ಮುಗಿಸುವ ಕಡೆಯಂತೂ ನಾನೂ ಫ್ಲೂಟಿನವಳೂ ಒಬ್ಬರಿಂದೊಬ್ಬರು ದೂರ ಸರಿಯುತ್ತೇವೆ. ಕೋಚ್ "ಕಾನ್ಸರ್ಟ್ ಎಫ್-ಶಾರ್ಪ್ ಇಳಿಸು" ಅನ್ನುತ್ತಾರೆ. ಕಾನ್ಸರ್ಟ್ ಅಂದರೆ ನಿಜವಾಗಿ ಕೇಳಿಸುವ ಸ್ವರ, ಕ್ಲಾರಿನೆಟ್ಟಿನಲ್ಲಿ ಅದಕ್ಕೆ ಬರೆಯುವ ಹೆಸರು ಬೇರೆ. ಅದು ನನ್ನ ಯಾವ ಸ್ವರ ಎಂದು ಲೆಕ್ಕ ಹಾಕುವಷ್ಟರಲ್ಲಿ ಮುಂದಿನ ಬಾರ್ (ತಾಳದ ಆವರ್ತದಂಥ ಅಳತೆ) ಬಂದಿರುತ್ತದೆ.

ಎರಡು, ಒಟ್ಟಿಗೆ ಶುರು ಮಾಡಲು ಆಗುತ್ತಿಲ್ಲ. ಯಾರೋ ಒಬ್ಬರು ತಲೆ ಆಡಿಸುತ್ತಾರೆ, ಆದರೆ ಐದು ಸ್ವರ ಐದು ಹೊತ್ತಿಗೆ ಬೀಳುತ್ತವೆ.

ಮೂರು, ಹಾಸ್ಟೆಲಿನಲ್ಲಿ ಹೀಟರ್ ಶುರುವಾದ ಮೇಲೆ ನಿನ್ನೆ ಚೆನ್ನಾಗಿದ್ದ ರೀಡು (ಊದುವ ತುದಿಯ ಜೊಂಡಿನ ಪಟ್ಟಿ) ಇವತ್ತು ಉಲಿಯುವುದಿಲ್ಲ. ವಾದ್ಯ ಹೊಸದು, ಮರದ್ದು, ಆಗಸ್ಟಿನಲ್ಲಿ ಕೊಂಡಿದ್ದು. ಬಿರುಕು ಬಿಡಬಹುದೆಂಬ ಭಯವೂ ಇದೆ.

ಯಾವುದನ್ನು ಮೊದಲು ಹಿಡಿಯಲಿ?


ಶ್ರುತಿಪೆಟ್ಟಿಗೆ:

ಶ್ರುತಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ಕೊಳಲು ಕಲಿತವರಿಗೆ ಇದರ ಅರ್ಧ ಪಾಠ ಆಗಲೇ ಆಗಿರುತ್ತದೆ.

ಟ್ಯೂನರಿನ ನಡುಗೆರೆ ಪಿಯಾನೋದ ಲೆಕ್ಕ. ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಿ ಪಾಲಿಗೆ 100 ಸೆಂಟ್‌ನಂತೆ ಹಂಚಿದ್ದು. ತಂಬೂರಿಯ ಮಂದ್ರ ತಂತಿಯೊಳಗೆ ತಾನಾಗಿ ಕೇಳಿಸುವ ಅಂತರ ಗಾಂಧಾರ ಇದೆಯಲ್ಲ, ಅದು ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಪಂಚಮ 2 ಸೆಂಟ್ ಮೇಲಿದೆ. ಕಾರ್ಡು ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು; ಮೇಜರ್ ಕಾರ್ಡಿನದು ಅಂತರ ಗಾಂಧಾರ, ಮೈನರ್‌ನದು ಸಾಧಾರಣ ಗಾಂಧಾರ. ಮೈನರ್ ಕಾರ್ಡಿನ ಗಾಂಧಾರವನ್ನು 6:5ರ ಅನುಪಾತದಲ್ಲಿ ಶುದ್ಧವಾಗಿ ಇಟ್ಟರೆ ಪಿಯಾನೋಗಿಂತ ಸುಮಾರು 16 ಸೆಂಟ್ ಮೇಲೆ ಬರುತ್ತದೆ. ಹೀಗಾಗಿ ಐವರೂ ಟ್ಯೂನರಿನ ನಡುಗೆರೆಗೆ ನಿಂತರೂ ಮೇಜರ್ ಕಾರ್ಡಿನ ಗಾಂಧಾರ 14 ಸೆಂಟ್ ಏರಿಯೇ ಇರುತ್ತದೆ. ನಿಮಗೆ ಕೇಳಿಸುವ ಅಲೆಯಲ್ಲಿ ದೊಡ್ಡ ಪಾಲು ಅದರದ್ದೇ. ಅದು ಕೇಳಿಸುತ್ತಿದೆ ಎಂದರೆ ಕಿವಿ ಚೆನ್ನಾಗಿದೆ ಎಂದರ್ಥ.

ಕರ್ನಾಟಕ ಸಂಗೀತದಿಂದ ಬಂದವರು ಎಡವುವ ಜಾಗ ಬೇರೆ. ನಮ್ಮಲ್ಲಿ ಆಧಾರ ಷಡ್ಜ ಮಂಗಳದವರೆಗೂ ಕದಲುವುದಿಲ್ಲ. ಕ್ವಿಂಟೆಟ್‌ನಲ್ಲಿ ಕಾರ್ಡು ಬದಲಾದಾಗಲೆಲ್ಲ ಷಡ್ಜವೂ ಬದಲಾಗುತ್ತದೆ. ನೀವು ಹಿಡಿದಿರುವ ಸ್ವರ ಈ ಬಾರಿನಲ್ಲಿ ಷಡ್ಜ, ಮುಂದಿನ ಬಾರಿನಲ್ಲಿ ಗಾಂಧಾರ, ಆಮೇಲೆ ಪಂಚಮ. ಬೆರಳು ಅದೇ ಇದ್ದರೂ ಎತ್ತರ ಅದೇ ಇರಬಾರದು.

ನಿಮ್ಮ ಕೃತಿಯನ್ನೇ ತೆಗೆದುಕೊಳ್ಳಿ. ಕಾನ್ಸರ್ಟ್ ಜಿ ಮೈನರ್ ಎಂದರೆ ನಿಮ್ಮ ಪಾರ್ಟಿನಲ್ಲಿ (ನಿಮ್ಮ ವಾದ್ಯದ ಹಾಳೆಯಲ್ಲಿ) ಎ ಮೈನರ್. ನಿಮ್ಮ 'ಸಿ', ಅಂದರೆ ಕಾನ್ಸರ್ಟ್ ಬಿ-ಫ್ಲಾಟ್, ಜಿ ಮೈನರ್ ಕಾರ್ಡಿನಲ್ಲಿ ಗಾಂಧಾರ. 16 ಸೆಂಟ್ ಏರಿಸಬೇಕು. ಅದೇ ಸ್ವರ ಬಿ-ಫ್ಲಾಟ್ ಮೇಜರ್ ಕಾರ್ಡಿನಲ್ಲಿ ಷಡ್ಜ, ಏರಿಸುವಂತಿಲ್ಲ. ಇ-ಫ್ಲಾಟ್ ಮೇಜರ್ ಬಂದರೆ ಪಂಚಮ. ಜಿ ಮೈನರ್‌ನ ಸಂಗೀತ ಬಿ-ಫ್ಲಾಟ್ ಮೇಜರ್ ಕಡೆಗೆ ಹೋಗಿ ಬರುವುದು ಸಹಜ. ಹಾಗೆ ಹೋದಾಗಲೆಲ್ಲ ನಿಮ್ಮ 'ಸಿ' ತನ್ನ ಮನೆ ಬದಲಿಸುತ್ತಿದೆ.

ಈಗ ಕೋಚ್ ಹೇಳುವ ಎಫ್-ಶಾರ್ಪ್. ಅದು ಡಿ ಮೇಜರ್ ಕಾರ್ಡಿನ ಗಾಂಧಾರ, ಆದ್ದರಿಂದ 14 ಸೆಂಟ್ ಇಳಿಯಬೇಕು. ನಿಮಗೆ ಅದು 'ಜಿ-ಶಾರ್ಪ್', ಅಂದರೆ ಕ್ಲಾರಿನೆಟ್ಟಿನ ಕುತ್ತಿಗೆಯ ಸ್ವರಗಳಲ್ಲಿ (ಬಹುಪಾಲು ರಂಧ್ರ ತೆರೆದು ಗಿಡ್ಡ ಕೊಳವೆಯಲ್ಲಿ ಬರುವವು) ಒಂದು. ಸ್ವಭಾವತಃ ಆ ಸ್ವರಗಳು ಏರಿಕೆಯ ಕಡೆಗೇ ವಾಲುತ್ತವೆ. ಅದರ ಮೇಲೆ, ಜಿ ಮೈನರ್‌ನಲ್ಲಿ ಎಫ್-ಶಾರ್ಪ್ ನಿಷಾದ; ರಾಗವಾಗಿ ಹಾಡುವಾಗ ನಿಷಾದವನ್ನು ಷಡ್ಜದ ಕಡೆಗೆ ತುಸು ಒತ್ತಿ ಹಾಡುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಇಳಿಯಬೇಕಾದ ಸ್ವರವನ್ನು ಏರಿಸಲು ಹೀಗೆ ಎರಡು ಕಾರಣ ಕೂಡಿಕೊಂಡಿವೆ. ಒಬ್ಬರೇ ಮುಂದೆ ಬಂದು ನುಡಿಸುವ ಸಾಲಿನಲ್ಲಿ ಎಫ್-ಶಾರ್ಪ್ ಸ್ವಲ್ಪ ಮೇಲಿದ್ದರೆ ಚೆಂದವೇ. ಐವರೂ ನಿಂತ ಕಾರ್ಡಿನಲ್ಲಿ ಇಳಿಸಲೇಬೇಕು.

ಇಳಿಸುವ ಬಗೆ: ತುಟಿ ಸಡಿಲ ಬಿಟ್ಟು ಇಳಿಸಿದರೆ ನಾದವೂ ಸಡಿಲವಾಗುತ್ತದೆ. ಕುತ್ತಿಗೆಯ ಸ್ವರಗಳಿಗೆ ಬೆರಳು ಸೇರಿಸುವುದು ಮೇಲು. ಎಡಗೈಯ ಉಂಗುರ ಬೆರಳು, ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಮುಚ್ಚಿ ನೋಡಿ. ಶ್ರುತಿ ಇಳಿಯುತ್ತದೆ, ಟೊಳ್ಳು ನಾದವೂ ತುಂಬಿಕೊಳ್ಳುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ. ಟ್ಯೂನರ್ ಇಲ್ಲಿ ಕೆಲಸಕ್ಕೆ ಬರುತ್ತದೆ: ಜಿ, ಜಿ-ಶಾರ್ಪ್, ಎ, ಬಿ-ಫ್ಲಾಟ್ ನಾಲ್ಕಕ್ಕೂ ಎರಡು ಮೂರು ಬೆರಳುಜೋಡಣೆ ಪರೀಕ್ಷಿಸಿ, ಯಾವುದು ಎಷ್ಟು ಸೆಂಟ್ ಇಳಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಪಾರ್ಟಿನಲ್ಲಿ ಒಂದು ಬೀಟ್‌ಗಿಂತ ಉದ್ದದ ಸ್ವರ ಬಂದ ಕಡೆಯೆಲ್ಲ ಸ್ಕೋರು (ಐವರ ಸಾಲೂ ಒಟ್ಟಿಗಿರುವ ಪ್ರತಿ) ನೋಡಿ ಪೆನ್ಸಿಲಿನಲ್ಲಿ 'ಸ', 'ಗ', 'ಪ' ಎಂದು ಬರೆಯಿರಿ. ಮೈನರ್ ಕಾರ್ಡಿನ ಗಾಂಧಾರಕ್ಕೆ ಮೇಲ್ಮುಖದ ಬಾಣ, ಮೇಜರ್‌ಗೆ ಕೆಳಮುಖದ ಬಾಣ. ಇಡೀ ಚಲನಕ್ಕೆ (ಕೃತಿಯ ಒಂದು ಭಾಗಕ್ಕೆ) ಒಂದು ಸಂಜೆ ಸಾಕು. ಆ ಒಂದು ಸಂಜೆ ಕೊಡುವಷ್ಟು ಫಲವನ್ನು ಹತ್ತು ದಿನ ಟ್ಯೂನರ್ ಮುಂದೆ ಕೂತರೂ ಪಡೆಯಲಾರಿರಿ.

ಗುಂಪಿನಲ್ಲಿ ಕಾರ್ಡು ಕಟ್ಟುವಾಗ ಐವರೂ ಒಮ್ಮೆಗೇ ಊದಬೇಡಿ. ಬಸೂನ್ ಷಡ್ಜ ಹಿಡಿಯಲಿ. ಷಡ್ಜವೇ ಇರುವ ಇನ್ನೊಬ್ಬರು ಸೇರಲಿ. ಅಲೆ ಪೂರ್ತಿ ನಿಂತ ಮೇಲೆ ಪಂಚಮ. ಗಾಂಧಾರ ಯಾವತ್ತೂ ಕೊನೆಗೆ. ಒಂದೇ ಸ್ವರವನ್ನು ಇಬ್ಬರು ಊದುವಾಗ ಸೆಕೆಂಡಿಗೆ ಎರಡು ಅಲೆ ಕೇಳಿದರೆ ನಡುವೆ 2 ಹರ್ಟ್ಸ್ ವ್ಯತ್ಯಾಸ ಇದೆ ಎಂದು ಲೆಕ್ಕ. ಫ್ಲೂಟ್ ಮತ್ತು ಕ್ಲಾರಿನೆಟ್ ತಾರಸ್ಥಾಯಿಯಲ್ಲಿ ಗಾಂಧಾರ, ಷಡ್ಜ ಹಿಡಿದು ಶುದ್ಧವಾಗಿ ಕೂಡಿದರೆ, ಆ ಷಡ್ಜಕ್ಕಿಂತ ಎರಡು ಸ್ಥಾಯಿ ಕೆಳಗೆ ಇನ್ನೊಂದು ಷಡ್ಜ ಕಿವಿಯೊಳಗೇ ಮೊಳಗುತ್ತದೆ. ಅದು ಕೇಳಿಸಿದ ದಿನದಿಂದ ನಿಮಗೆ ಯಾರೂ "ಇಳಿಸು, ಏರಿಸು" ಎಂದು ಹೇಳಬೇಕಾಗಿಲ್ಲ.

ಫ್ಲೂಟಿನವರ ಜೊತೆಗಿನ ತೊಂದರೆ ಇಬ್ಬರ ತಪ್ಪೂ ಅಲ್ಲ, ವಾದ್ಯಗಳ ಸ್ವಭಾವ. ಕ್ಲಾರಿನೆಟ್ ದನಿ ಇಳಿಸಿದರೆ ಶ್ರುತಿ ಏರುತ್ತದೆ, ದನಿ ಏರಿಸಿದರೆ ಇಳಿಯುತ್ತದೆ. ಫ್ಲೂಟ್ ಇದಕ್ಕೆ ಸರಿಯಾಗಿ ತದ್ವಿರುದ್ಧ. ಇಬ್ಬರೂ ಒಟ್ಟಿಗೆ ಮೆಲ್ಲಗೆ ಹೋದಂತೆ ಒಬ್ಬರು ಮೇಲಕ್ಕೆ, ಒಬ್ಬರು ಕೆಳಕ್ಕೆ. ನೀವು ಕೆಳದವಡೆಯ ಒತ್ತಡ ಹೆಚ್ಚಿಸದೆ, ಗಂಟಲು ತೆರೆದಿಟ್ಟು, ಉಸಿರಿನ ಪ್ರಮಾಣವನ್ನಷ್ಟೇ ಕಡಿಮೆ ಮಾಡಬೇಕು. ಅವರು ಉಸಿರಿನ ವೇಗ ಬಿಡದೆ ಗಾಳಿಯ ದಿಕ್ಕನ್ನು ತುಸು ಮೇಲಕ್ಕೆ ಎತ್ತಬೇಕು. ಇಬ್ಬರೇ ಕೂತು 8 ಬೀಟ್ ಏರಿಕೆ, 8 ಬೀಟ್ ಇಳಿಕೆ, ಒಂದೇ ಸ್ವರದ ಮೇಲೆ ದಿನಕ್ಕೆ ಹತ್ತು ನಿಮಿಷ. ರೀಡು ತೀರ ಗಟ್ಟಿ ಇದ್ದರೆ ಮೆಲುದನಿಗಾಗಿ ಕಚ್ಚಿ ಹಿಡಿಯುತ್ತೀರಿ, ಶ್ರುತಿ ಇನ್ನೂ ಏರುತ್ತದೆ. ಅದನ್ನೂ ನೋಡಿಕೊಳ್ಳಿ.

ಕಾನ್ಸರ್ಟ್ ಹೆಸರುಗಳಿಗೆ ಸುಲಭ ದಾರಿ: ನಿಮ್ಮದು ಯಾವಾಗಲೂ ಒಂದು ಪೂರ್ಣ ಸ್ವರ ಮೇಲೆ. ಎಫ್ ಅಂದರೆ ನಿಮಗೆ ಜಿ. ಹಾರ್ನ್‌ನವರಿಗೆ ಅದೇ ಎಫ್ ಅವರ 'ಸಿ'. ರಿಹರ್ಸಲ್‌ನಲ್ಲಿ ಐವರೂ ಕಾನ್ಸರ್ಟ್ ಹೆಸರಿನಲ್ಲೇ ಮಾತಾಡುವುದೆಂದು ಮೊದಲ ದಿನವೇ ತೀರ್ಮಾನಿಸಿ. ಎರಡು ವಾರದಲ್ಲಿ ಬಾಯಿಗೆ ಬಂದುಬಿಡುತ್ತದೆ.


ಕೊಂಬಿನ ಮೂಲೆ:

ಮೇಲಿನ ಉತ್ತರದ ಒಂದೊಂದು ಅಂಕಿಯೂ ಸರಿ. ಆದರೆ ಕ್ರಮ ತಿರುಗಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಲಯ, ಆಮೇಲೆ ಶ್ರುತಿ. ಐದು ಸ್ವರ ಐದು ಹೊತ್ತಿಗೆ ಬಿದ್ದರೆ ಕಾರ್ಡು ಕಟ್ಟಿಕೊಳ್ಳುವುದೇ ಇಲ್ಲ, ಶ್ರುತಿ ಕೂಡಿತೋ ಇಲ್ಲವೋ ಯಾರಿಗೂ ಕೇಳಿಸುವುದಿಲ್ಲ. ಜೊತೆಗೆ, 14 ಸೆಂಟಿನ ಮಾತು ನಿಂತ ಕಾರ್ಡುಗಳಿಗೆ ಮಾತ್ರ. ವೇಗವಾಗಿ ಓಡುವ ಹದಿನಾರನೇ ಸ್ವರಗಳಲ್ಲಿ ಅದರ ಚಿಂತೆ ಬೇಡ.

ಒಟ್ಟಿಗೆ ಶುರುವಾಗದಿರಲು ಕಾರಣ, ತಲೆ ಆಡಿಸುವವರು ಕಾಲಪ್ರಮಾಣವನ್ನು ಹೇಳುತ್ತಿಲ್ಲ. "ಈಗ" ಎಂದಷ್ಟೇ ಹೇಳುತ್ತಿದ್ದಾರೆ. ಸನ್ನೆ ಅಂದರೆ ಉಸಿರು. ಒಂದು ಬೀಟ್ ಮುಂಚೆ, ಅದೇ ಕಾಲಪ್ರಮಾಣದಲ್ಲಿ, ಪಕ್ಕದವರಿಗೆ ಕೇಳಿಸುವಂತೆ ಮೂಗು ಬಾಯಿಗಳಿಂದ ಉಸಿರೆಳೆದುಕೊಳ್ಳಬೇಕು. ಆ ಉಸಿರಿನ ಜೊತೆ ವಾದ್ಯದ ತುದಿ ಮೇಲೇಳುತ್ತದೆ, ಬೀಟ್ ಬೀಳುವಲ್ಲಿ ಕೆಳಗೆ ಬರುತ್ತದೆ. ಏಳುವುದಕ್ಕೂ ಇಳಿಯುವುದಕ್ಕೂ ಸಮ ಹೊತ್ತು. ಮೆಲ್ಲಗಿನ ಆರಂಭಕ್ಕೆ ಚಿಕ್ಕ ಮೃದು ಉಸಿರು, ಜೋರಿನ ಆರಂಭಕ್ಕೆ ಚುರುಕಾದ ದೊಡ್ಡ ಉಸಿರು. ಉಳಿದ ನಾಲ್ವರೂ ಆ ಉಸಿರನ್ನು ಜೊತೆಗೇ ಎಳೆಯಬೇಕು. ಉಸಿರು ಕೂಡಿದರೆ ಸ್ವರ ತಾನಾಗಿ ಕೂಡುತ್ತದೆ. ಮುಕ್ತಾಯಕ್ಕೂ ಒಬ್ಬರು ತುದಿಯನ್ನು ಸಣ್ಣ ವೃತ್ತದಂತೆ ತಿರುಗಿಸಿ ನಿಲ್ಲಿಸುವ ಜಾಗ ತೋರಿಸಬೇಕು.

ಯಾರು ಸನ್ನೆ ಕೊಡಬೇಕು? ಯಾವಾಗಲೂ ಫ್ಲೂಟ್ ಅಲ್ಲ. ಆ ಜಾಗದಲ್ಲಿ ಯಾರ ಕೈಯಲ್ಲಿ ಚಲಿಸುವ ಸಾಲು ಇದೆಯೋ ಅವರು. ಮೇಲೆ ಉದ್ದ ಸ್ವರ, ಕೆಳಗೆ ಬಸೂನ್ ಎಂಟನೇ ಸ್ವರಗಳಲ್ಲಿ ಓಡುತ್ತಿದ್ದರೆ ಬಸೂನೇ ಯಜಮಾನ. ಪ್ರತಿ ಆರಂಭ, ಪ್ರತಿ ಫರ್ಮಾಟಾ (ಸ್ವರ ಹಿಡಿದು ನಿಲ್ಲುವ ಗುರುತು), ವೇಗ ಬದಲಾಗುವ ಪ್ರತಿ ಜಾಗಕ್ಕೂ ಹೆಸರು ಬರೆದುಕೊಳ್ಳಿ. ಅಲ್ಲೇ ಕನ್ನಡಕದ ಚಿತ್ರ ಬರೆದಿಟ್ಟರೆ ತಲೆ ಎತ್ತಿ ನೋಡುವುದು ಮರೆಯುವುದಿಲ್ಲ.

ಇನ್ನೊಂದು ಕಾರಣ ಬಹಳ ಗುಂಪುಗಳಿಗೆ ತಿಳಿದಿರುವುದಿಲ್ಲ: ಐದು ವಾದ್ಯಗಳೂ ಒಂದೇ ವೇಗದಲ್ಲಿ ಬಾಯಿ ಬಿಡುವುದಿಲ್ಲ. ಓಬೋದವರು ಸ್ವರ ಬರುವ ಮುಂಚೆಯೇ ಬಾಯೊಳಗೆ ಗಾಳಿಯ ಒತ್ತಡ ಕಟ್ಟಿಕೊಂಡಿರಬೇಕು. ಬಸೂನಿನ ಮಂದ್ರ ಸ್ವರಗಳು ನಿಧಾನ. ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿದೆ, ನಾದ ಹಿಂದಿನ ಗೋಡೆಗೆ ಬಡಿದು ಕೇಳುಗರಿಗೆ ತಲುಪುತ್ತದೆ. ಆದ್ದರಿಂದ ಹಾರ್ನ್‌ನವರು ತಮಗೆ ಸರಿ ಅನಿಸಿದ್ದಕ್ಕಿಂತ ಕೂದಲೆಳೆಯಷ್ಟು ಮುಂಚೆ ನುಡಿಸಬೇಕು. ಕ್ಲಾರಿನೆಟ್ ಬೇಗ ಉಲಿಯುವ ವಾದ್ಯ. ಮಂದ್ರದ ಬಸೂನ್ ಜೊತೆ ಶುರು ಮಾಡುವಾಗ ನೀವೇ ಅವರಿಗಾಗಿ ಕಾಯಬೇಕು.

ವೇಗ ಎಷ್ಟು ಎನ್ನುವುದನ್ನು ನಾಲಿಗೆ ಅತ್ಯಂತ ನಿಧಾನ ಇರುವವರಿಂದ ಗೊತ್ತುಮಾಡಿ. ಫ್ಲೂಟ್, ಹಾರ್ನ್ ಇಬ್ಬರಿಗೂ 'ತು-ಕು' ಎಂಬ ಜೋಡಿ ಹೊಡೆತ ಸುಲಭ. ಕ್ಲಾರಿನೆಟ್ಟಿನಲ್ಲಿ ಹೆಚ್ಚಿನವರು ಒಂಟಿ ಹೊಡೆತದಲ್ಲೇ ಹೋಗುತ್ತಾರೆ. ಮೆಟ್ರೊನೋಮ್ 120ರಲ್ಲಿ ಒಂದೇ ಸ್ವರದ ಮೇಲೆ ನಾಲ್ಕು ಬೀಟ್ ಹದಿನಾರನೇ ಸ್ವರಗಳನ್ನು ಹೊಡೆಯಲು ಆಗದಿದ್ದರೆ, ಎರಡು ಸ್ಲರ್ (ನಾಲಿಗೆ ಇಲ್ಲದೆ ಕೂಡಿಸಿ), ಎರಡು ಟಂಗ್ (ನಾಲಿಗೆಯಿಂದ ಬಿಡಿಸಿ) ಎಂದು ಐವರೂ ಒಪ್ಪಿಕೊಂಡು ಬರೆದುಕೊಳ್ಳಿ. ನೀವೊಬ್ಬರೇ ಹಾಗೆ ನುಡಿಸಿದರೆ ಎದ್ದು ಕಾಣುತ್ತದೆ, ಎಲ್ಲರೂ ನುಡಿಸಿದರೆ ಅದೇ ಶೈಲಿ.


ಎರಡೆಳೆ ರೀಡು:

ಮೂರನೆಯದನ್ನು ಮುಂದಕ್ಕೆ ಹಾಕಬೇಡಿ. ಶ್ರುತಿ, ಲಯಗಳನ್ನು ನಾಳೆ ಸರಿಪಡಿಸಬಹುದು, ಬಿರುಕು ಬಿಟ್ಟ ಮರವನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ.

ಕ್ಲಾರಿನೆಟ್, ಓಬೋ ಎರಡರದ್ದೂ ಆಫ್ರಿಕಾದ ಕರಿಮರವೇ. ಬಿರುಕಿಗೆ ಕಾರಣ ಸರಳ: ಒಳಗೋಡೆ ನಿಮ್ಮ ಬಿಸಿ ಉಸಿರಿನ ತೇವ ಹೀರಿ ಹಿಗ್ಗುತ್ತದೆ, ಹೊರಗೋಡೆ ತಣ್ಣಗೆ ಒಣಗಿ ಕುಗ್ಗಿರುತ್ತದೆ. ಮೇಲಿನ ತುಂಡು ಹೆಚ್ಚು ಬಿಸಿ, ಹೆಚ್ಚು ತೇವ ಕಾಣುವುದರಿಂದ ಬಿರುಕು ಸಾಮಾನ್ಯವಾಗಿ ಅಲ್ಲೇ ಏಳುತ್ತದೆ. ಹೊರಗಿನ ಚಳಿಯಿಂದ ಬಂದ ಕೂಡಲೇ ಊದಬೇಡಿ. ಪೆಟ್ಟಿಗೆ ತೆರೆದು 15 ನಿಮಿಷ ಕೋಣೆಯಲ್ಲಿ ಬಿಡಿ, ಮೇಲಿನ ತುಂಡನ್ನು ಕಂಕುಳಲ್ಲೋ ಕೋಟಿನೊಳಗೋ ಇಟ್ಟು ಹೊರಗಿನಿಂದ ಬೆಚ್ಚಗೆ ಮಾಡಿ. ಊದಿ ಬೆಚ್ಚಗೆ ಮಾಡುವುದು ಸರಿಯಲ್ಲ, ಅದು ಒಳಗಿನಿಂದಲೇ ಬಿಸಿ ಕೊಡುತ್ತದೆ. ರಾತ್ರಿ ಕಾರಿನಲ್ಲಿ ಬಿಡಬೇಡಿ, ಹೀಟರ್ ಪಕ್ಕದಲ್ಲಂತೂ ಬೇಡವೇ ಬೇಡ.

ಪೆಟ್ಟಿಗೆಯೊಳಗೆ ಸಣ್ಣ ಹೈಗ್ರೊಮೀಟರ್ ಇಡಿ. ತೇವಾಂಶ 45ರಿಂದ 55 ಶೇಕಡದ ನಡುವೆ ಇರಲಿ, ಕಡಿಮೆಯಾದರೆ ತೇವ ಕೊಡುವ ಪೊಟ್ಟಣ ಹಾಕಿ. ಜೋಡಣೆಯ ಜಾಗದ ಲೋಹದ ಉಂಗುರಗಳು ಬೆರಳಿಗೆ ಸಡಿಲವಾಗಿ ತಿರುಗಿದರೆ ಮರ ಒಣಗಿ ಕುಗ್ಗಿದೆ ಎಂಬ ಎಚ್ಚರಿಕೆ. ಅಂಥ ದಿನ ನುಡಿಸುವುದನ್ನು ನಿಲ್ಲಿಸಿ ಮೊದಲು ತೇವಾಂಶ ಸರಿಮಾಡಿ. ತುಂಡುಗಳು ಬಿಗಿದು ಬಿಚ್ಚಿಕೊಳ್ಳದಿದ್ದರೆ ಅದು ತೇವದಿಂದ ಹಿಗ್ಗಿದ ಲಕ್ಷಣ, ಒತ್ತಾಯದಿಂದ ತಿರುಚದೆ ಸ್ವಲ್ಪ ಹೊತ್ತು ಆರಲು ಬಿಡಿ. ಹೊಸ ಮರಕ್ಕೆ ಮೊದಮೊದಲು ಒಂದು ಸಲಕ್ಕೆ 15-20 ನಿಮಿಷ ಮಾತ್ರ, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು ಕ್ರಮ. ನಡುವೆ ತಿಂಗಳುಗಟ್ಟಲೆ ನುಡಿಸದೆ ಬಿಟ್ಟಿದ್ದರೆ ಮತ್ತೆ ಮೊದಲಿನಿಂದ. ಪ್ರತಿ ವಿರಾಮದಲ್ಲೂ ಬಟ್ಟೆ ಎಳೆದು ಒಳಗನ್ನು ಒರೆಸಿ. ಸ್ವರ ಗೊರಗುಟ್ಟಿದರೆ ಯಾವುದೋ ರಂಧ್ರದಲ್ಲಿ ನೀರು ನಿಂತಿದೆ. ಆ ಕೀಲಿಯ ಪ್ಯಾಡಿನಡಿ ಸಿಗರೇಟ್ ಕಾಗದದ ಚೂರು ಇಟ್ಟು ಮೆಲ್ಲಗೆ ಒತ್ತಿ ತೆಗೆಯಿರಿ.

ರೀಡು: ಒಂದನ್ನೇ ನಂಬಬೇಡಿ. ನಾಲ್ಕಕ್ಕೆ 1, 2, 3, 4 ಎಂದು ಬರೆದು ದಿನಕ್ಕೊಂದರಂತೆ ಸರದಿ. ಹೊಸ ರೀಡನ್ನು ಮೊದಲ ದಿನ ಹತ್ತು ನಿಮಿಷಕ್ಕಿಂತ ಹೆಚ್ಚು ನುಡಿಸಬೇಡಿ. ತುದಿ ಅಲೆಅಲೆಯಾಗಿ ಸೊಟ್ಟಗಾಗಿದ್ದರೆ ಅದು ಒಣಹವೆಯ ಕೆಲಸ. ನೀರಿನಲ್ಲಿ ಒಂದೆರಡು ನಿಮಿಷ ನೆನೆಸಿ ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸಪಾಟು ಮಾಡಿ. ರೀಡಿನ ಡಬ್ಬಿಯನ್ನೂ ತೇವದ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಇಡಿ. ಇವತ್ತು ಗಟ್ಟಿ ಅನಿಸಿತೆಂದು ಆತುರದಲ್ಲಿ ರೀಡಿನ ಗಡಸುತನದ ನಂಬರ್ ಇಳಿಸಬೇಡಿ, ಮೊದಲು ತೇವ ಸರಿಮಾಡಿ ನೋಡಿ.

ಒಂದು ವಿನಂತಿ, ಓಬೋದವರ ಪರವಾಗಿ. ಓಬೋದ ಅತಿ ಮಂದ್ರ ಸ್ವರಗಳು, ಬಿ-ಫ್ಲಾಟ್‌ನಿಂದ ಡಿ ತನಕ, ಒಂದು ಮಟ್ಟಕ್ಕಿಂತ ಮೆಲ್ಲಗೆ ಬರುವುದೇ ಇಲ್ಲ. ಬಸೂನಿನ ತಳದ ಸ್ವರಗಳೂ ಹಾಗೆಯೇ. ಕ್ಲಾರಿನೆಟ್ ಮಾತ್ರ ಇಲ್ಲದಿರುವಷ್ಟು ಮೆಲ್ಲಗೆ ಹೋಗಬಲ್ಲದು. ಪಾರ್ಟಿನಲ್ಲಿ ಎಲ್ಲರಿಗೂ 'ಪಿಯಾನಿಸ್ಸಿಮೋ' ಎಂದು ಬರೆದಿದ್ದರೂ, ಆ ಜಾಗದಲ್ಲಿ ಮೆಲುದನಿಯ ಅಳತೆ ಓಬೋ, ಬಸೂನ್‌ಗಳದ್ದು. ನೀವು ಅದಕ್ಕೆ ಸರಿಯಾಗಿ ಸ್ವಲ್ಪ ತುಂಬಿಕೊಡಿ. ಫ್ಲೂಟಿನ ಕೆಳಸ್ಥಾಯಿಯಲ್ಲಿ ಮುಖ್ಯ ಸಾಲು ಇದ್ದರೆ ಇದಕ್ಕೆ ವಿರುದ್ಧ, ಆಗ ಉಳಿದ ನಾಲ್ವರೂ ಇಳಿಯಬೇಕು. ಇನ್ನು ಕಂಪನ: ಫ್ಲೂಟ್, ಓಬೋ, ಬಸೂನ್ ಕಂಪನ ಹಾಕುತ್ತವೆ, ಕ್ಲಾರಿನೆಟ್, ಹಾರ್ನ್ ಈ ಬಗೆಯ ಸಂಗೀತದಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ. ನಿಮ್ಮ ಜೊತೆ ಒಂದೇ ಸ್ವರದಲ್ಲಿ ಕೂಡುವವರಿಗೆ ಆ ಜಾಗದಲ್ಲಿ ಕಂಪನ ಬಿಡಲು ಕೇಳಿಕೊಳ್ಳಿ. ಕೇಳುವುದು ತಪ್ಪಲ್ಲ.


ಕರಿಮರ:

ಎಲ್ಲರಿಗೂ ತುಂಬಾ ಧನ್ಯವಾದ. ಉಂಗುರಗಳನ್ನು ಈಗಲೇ ನೋಡಿದೆ, ಬಿಗಿಯಾಗಿವೆ. ಇನ್ನೂ ಕೆಲವು ಪ್ರಶ್ನೆ. ಓಬೋದವರು 'ಎ' ಕೊಟ್ಟಾಗ ನನ್ನ 'ಬಿ' ಸರಿಹೊಂದಿಸುತ್ತೇನೆ, ಆದರೂ ಆಮೇಲೆ ಉಳಿದ ಸ್ವರಗಳು ಏರಿರುತ್ತವೆ, ಏಕೆ? ಕೂರುವ ಕ್ರಮ ಹೇಗಿರಬೇಕು? ಮತ್ತೆ, ಉದ್ದ ಸ್ವರಕ್ಕೆ ಕೆಳಗಿನಿಂದ ಜಾರಿಕೊಂಡು ಬರುತ್ತೀ ಎಂದು ಕೋಚ್ ಹೇಳುತ್ತಾರೆ. ನನಗೆ ಅದು ಗೊತ್ತೇ ಆಗುವುದಿಲ್ಲ.


ಶ್ರುತಿಪೆಟ್ಟಿಗೆ:

'ಎ'ಗೆ ನೀವು ಊದುವ 'ಬಿ' ಎಲ್ಲ ರಂಧ್ರ ಮುಚ್ಚಿದ ಸ್ವರ, ಕೊಳವೆಯ ಪೂರ್ತಿ ಉದ್ದದ್ದು. ಬ್ಯಾರೆಲ್ (ಮೌತ್‌ಪೀಸಿನ ಕೆಳಗಿನ ಚಿಕ್ಕ ತುಂಡು) 1 ಮಿಲಿಮೀಟರ್ ಎಳೆದರೆ ಅಷ್ಟು ಉದ್ದದ ಕೊಳವೆಗೆ ಆಗುವ ಬದಲಾವಣೆ ಅತ್ಯಲ್ಪ. ಗಿಡ್ಡ ಕೊಳವೆಯ ಕುತ್ತಿಗೆ ಸ್ವರಗಳಿಗೆ ಅದೇ 1 ಮಿಲಿಮೀಟರ್ ಬಹಳ. ಹೀಗಾಗಿ ಒಂದೇ 'ಬಿ' ನೋಡಿ ತೀರ್ಮಾನಿಸಿದರೆ ಉಳಿದವು ಕೈಕೊಡುತ್ತವೆ. 'ಎ' ಆದ ಮೇಲೆ ಓಬೋದಿಂದ ಬಿ-ಫ್ಲಾಟ್ ಕೂಡ ಕೇಳಿ, ನಿಮ್ಮ 'ಸಿ'ಯನ್ನು ಎರಡು ಸ್ಥಾಯಿಯಲ್ಲಿ ನೋಡಿ. ಬ್ಯಾರೆಲ್ 1 ಮಿಲಿಮೀಟರಿಗಿಂತ ಹೆಚ್ಚು ಎಳೆಯಬೇಕಾದರೆ ಸ್ವಲ್ಪವನ್ನು ನಡುವಿನ ಜೋಡಣೆಯಲ್ಲಿ ಎಳೆದು ಹಂಚಿ. ಇನ್ನೊಂದು, ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ತಣ್ಣನೆಯ ವಾದ್ಯದಲ್ಲಿ ಮಾಡಿದ ಶ್ರುತಿ ಇಪ್ಪತ್ತು ನಿಮಿಷದಲ್ಲಿ ಹಳತಾಗುತ್ತದೆ, ಮತ್ತೆ ನೋಡಲೇಬೇಕು. ಅಮೆರಿಕದಲ್ಲಿ 'ಎ' 440 ಹರ್ಟ್ಸ್. ಜರ್ಮನಿ, ಆಸ್ಟ್ರಿಯಾ ಕಡೆ 442-443 ಕೇಳಿಸುತ್ತದೆ. ಅಲ್ಲಿನ ರೆಕಾರ್ಡಿಂಗ್ ಜೊತೆ ನುಡಿಸಿ ಅಭ್ಯಾಸ ಮಾಡುತ್ತಿದ್ದರೆ ನೆನಪಿರಲಿ.

ಜಾರಿಕೊಂಡು ಬರುವುದು ಗಮಕದ ಸಂಸ್ಕಾರ. ಅದು ದೋಷವಲ್ಲ, ಇಲ್ಲಿ ಜಾಗವಿಲ್ಲ ಅಷ್ಟೇ. ರಾಯಚೂರಿನ ನರಸಿಂಹಲು ವಡವಾಟಿ ಅವರ ಹಿಂದೂಸ್ತಾನಿ ಕ್ಲಾರಿನೆಟ್ ಕೇಳಿದ್ದರೆ ಇದೇ ವಾದ್ಯದಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಷ್ಟು ಸೊಗಸಾಗಿ ಬರುತ್ತದೆ ಎಂದು ಗೊತ್ತಿರುತ್ತದೆ. ಕ್ವಿಂಟೆಟ್‌ನಲ್ಲಿ ನಾಲ್ವರು ನೇರವಾಗಿ ಸ್ವರದ ಮೇಲೆ ಇಳಿದಾಗ ಒಬ್ಬರು ಜಾರಿದರೆ ಕಾರ್ಡು ತಡವಾಗಿ ಕೂಡುತ್ತದೆ. ತಿದ್ದುವ ಬಗೆ: ನಾಲಿಗೆಯನ್ನು ರೀಡಿನ ತುದಿಗೆ ಒತ್ತಿಟ್ಟು, ಉಸಿರಿನ ಒತ್ತಡವನ್ನೂ ತುಟಿಯ ಬಿಗಿಯನ್ನೂ ಮುಂಚೆಯೇ ಸಿದ್ಧಮಾಡಿ, ಸ್ವರವನ್ನು ಮನಸ್ಸಿನಲ್ಲಿ ಹಾಡಿಕೊಂಡು, ನಾಲಿಗೆಯನ್ನಷ್ಟೇ ತೆಗೆಯಿರಿ. ತುಟಿ ಆಮೇಲೆ ಬಿಗಿಯಾದರೆ ಜಾರುವಿಕೆ ಹುಟ್ಟುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಕೇಳಿ, ನಿಮಗೇ ಕಾಣುತ್ತದೆ.


ಮಂದ್ರಸ್ಥಾಯಿ:

ಕೂರುವ ಕ್ರಮಕ್ಕೆ: ಕೇಳುಗರ ಎಡದಿಂದ ಅರ್ಧಚಂದ್ರಾಕಾರದಲ್ಲಿ ಫ್ಲೂಟ್, ಓಬೋ, ಹಾರ್ನ್, ಬಸೂನ್, ಬಲತುದಿಯಲ್ಲಿ ಕ್ಲಾರಿನೆಟ್. ಇದು ಬಹಳ ಕಡೆ ಬಳಕೆಯಲ್ಲಿದೆ. ಫ್ಲೂಟ್ ಎಡತುದಿಯಲ್ಲಿ ಒಳಮುಖವಾಗಿ ಕೂತರೆ ವಾದ್ಯದ ತುದಿ ಕೇಳುಗರ ಕಡೆ ಬರುತ್ತದೆ. ನೀವು ಎದುರು ತುದಿಯಲ್ಲಿ, ಫ್ಲೂಟಿನವರ ಕಣ್ಣಿಗೆ ನೇರ. ಪಕ್ಕದಲ್ಲೇ ಬಸೂನ್ ಇರುವುದರಿಂದ ನಿಮಗೆ ಷಡ್ಜ ಹತ್ತಿರ ಸಿಗುತ್ತದೆ. ಹಾರ್ನ್ ಹಿಂದೆ ಗಟ್ಟಿ ಗೋಡೆ ಇದ್ದರೆ ನಾದ ಮುಂದಕ್ಕೆ ಎರಗುತ್ತದೆ, ದಪ್ಪ ಪರದೆ ಇದ್ದರೆ ಸತ್ತುಹೋಗುತ್ತದೆ. ಅಭ್ಯಾಸದ ಕೋಣೆಯಲ್ಲಿ ಸರಿಯಿದ್ದ ಸಮತೋಲನ ವೇದಿಕೆಯಲ್ಲಿ ಕೆಡುವುದು ಇದರಿಂದಲೇ, ಒಂದು ರಿಹರ್ಸಲ್ ವೇದಿಕೆಯಲ್ಲೇ ಮಾಡಿ. ಸ್ಟ್ಯಾಂಡುಗಳನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಇಳಿಸಿ, ಇಲ್ಲದಿದ್ದರೆ ಸನ್ನೆ ಯಾರಿಗೂ ಕಾಣುವುದಿಲ್ಲ.

ಒಂದೂವರೆ ಗಂಟೆಯನ್ನು ಹೀಗೆ ಬಳಸಿ. ಮೊದಲ 10 ನಿಮಿಷ ಬೆಚ್ಚಗಾಗುವುದು ಮತ್ತು ಶ್ರುತಿ. ಆಮೇಲೆ 15 ನಿಮಿಷ ಯಾವುದಾದರೂ ಸರಳ ಕೊರಾಲ್ (ನಿಧಾನದ ಸ್ತೋತ್ರದಂಥ ಧಾಟಿ) ಅನ್ನು ನಿಧಾನವಾಗಿ, ಶ್ರುತಿಪೆಟ್ಟಿಗೆಯವರು ಹೇಳಿದಂತೆ ಷಡ್ಜ, ಪಂಚಮ, ಗಾಂಧಾರ ಕ್ರಮದಲ್ಲಿ ಕಟ್ಟುತ್ತಾ. ನಂತರದ 45 ನಿಮಿಷ ಒಂದೇ ಚಲನದ ಎರಡು ಮೂರು ಜಾಗಗಳು ಮಾತ್ರ. ಮೊದಲಿನಿಂದ ಕೊನೆವರೆಗೆ ಮತ್ತೆ ಮತ್ತೆ ಓಡಿಸುವುದು ಕಾಲೇಜು ಗುಂಪುಗಳ ದೊಡ್ಡ ಕಾಲಹರಣ, ಸುಲಭದ ಜಾಗ ಹತ್ತು ಸಲ, ಕಷ್ಟದ ಜಾಗವೂ ಹತ್ತೇ ಸಲ. ಕಷ್ಟದ ಜಾಗದಲ್ಲಿ ಇಬ್ಬಿಬ್ಬರಾಗಿ ನುಡಿಸಿ: ಬಸೂನ್ ಮತ್ತು ಕ್ಲಾರಿನೆಟ್, ನಂತರ ಓಬೋ ಮತ್ತು ಫ್ಲೂಟ್. ಉಳಿದ ಮೂವರು ಸ್ಕೋರು ನೋಡುತ್ತಾ ಕೇಳಲಿ. ಕೊನೆಯ 20 ನಿಮಿಷ ನಿಲ್ಲಿಸದೆ ಒಂದು ಸಲ ನುಡಿಸಿ ರೆಕಾರ್ಡ್ ಮಾಡಿ, ಕೂಡಲೇ ಕೇಳಿ.

ಡಾನ್ಸಿ 1826ರಲ್ಲಿ ತೀರಿಕೊಂಡವರು, ಹಕ್ಕುಸ್ವಾಮ್ಯ ಮುಗಿದ ಸ್ಕೋರು ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಬರಿ ಪಾರ್ಟ್ ಹಿಡಿದು ರಿಹರ್ಸಲ್‌ಗೆ ಬರಬೇಡಿ. ಐದಾರು ಬಾರ್ ಸುಮ್ಮನಿರುವ ಕಡೆ, ನೀವು ಸೇರುವ ಮುಂಚಿನ ಎರಡು ಬಾರ್‌ನಲ್ಲಿ ಯಾರ ಸಾಲು ಕೇಳಿಸುತ್ತದೋ ಅದನ್ನು ಸಣ್ಣದಾಗಿ ನಿಮ್ಮ ಪಾರ್ಟಿನ ಮೇಲೆ ಬರೆದುಕೊಳ್ಳಿ. ಎಣಿಸುವುದು ತಪ್ಪಬಹುದು, ಕೇಳಿ ಗುರುತಿಸಿದ್ದು ತಪ್ಪುವುದಿಲ್ಲ. ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಹಿಡಿದು ಅಭ್ಯಾಸ ಇರುವವರಿಗೆ ಇದು ಬೇಗ ಒಲಿಯುತ್ತದೆ.

ಕೊರಾಲ್‌ಗೆ ನನ್ನ ಸಲಹೆ, ಹೈಡನ್ ಹೆಸರಿನಲ್ಲಿ ಬಂದಿರುವ ಬಿ-ಫ್ಲಾಟ್ ಡಿವರ್ಟಿಮೆಂಟೋದ ಸೇಂಟ್ ಆಂಟನಿ ಚಲನ. ಅದು ಹೈಡನ್‌ದೇ ಎನ್ನುವುದು ಅನುಮಾನ. ಬ್ರಾಮ್ಸ್ 1873ರಲ್ಲಿ ತನ್ನ ವೇರಿಯೇಷನ್‌ಗಳಿಗೆ ಎತ್ತಿಕೊಂಡಿದ್ದು ಈ ಧಾಟಿಯನ್ನೇ. ಕ್ವಿಂಟೆಟ್‌ಗೆ ಮಾಡಿದ ರೂಪ ಕಾಲೇಜು ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ನಾಲ್ಕು ನಾಲ್ಕು ಬಾರ್ ಅಂದುಕೊಂಡು ಉಸಿರು ತೆಗೆದರೆ ಸಿಕ್ಕಿಬೀಳುತ್ತೀರಿ, ಆರಂಭದ ವಾಕ್ಯಗಳು ಐದೈದು ಬಾರಿನವು. ಉಸಿರಿನ ಜಾಗ ಮೊದಲೇ ಗುರುತು ಮಾಡಿ.

ಫ್ಲೂಟಿನವರ ಜೊತೆ ಕಟ್ಟುವ ಕೆಲಸಕ್ಕೆ ಇನ್ನೊಂದು: ಜಾಕ್ ಇಬೇರ್ 1930ರಲ್ಲಿ ಬರೆದ ಮೂರು ಚಿಕ್ಕ ತುಣುಕುಗಳಲ್ಲಿ ನಡುವಿನದು ಬಹುಪಾಲು ಫ್ಲೂಟ್, ಕ್ಲಾರಿನೆಟ್ ಇಬ್ಬರದ್ದೇ ಮಾತುಕತೆ, ಉಳಿದವರು ಕೊನೆಗೆ ಸೇರುತ್ತಾರೆ. ಮೊದಲ ಮತ್ತು ಮೂರನೆಯ ತುಣುಕು ಈಗಲೇ ಬೇಡ, ಬೆರಳಿಗೆ ಭಾರ. ನಡುವಿನದನ್ನು ಮಾತ್ರ ಇಬ್ಬರೇ ಕೂತು ವಾರಕ್ಕೆರಡು ಸಲ ನುಡಿಸಿ. ಮೆಲುದನಿಯಲ್ಲಿ ಶ್ರುತಿ ಹಿಡಿದಿಡುವ ಪಾಠ ಅದರಲ್ಲಿ ಪೂರ್ತಿ ಇದೆ.